ರೆಪ್ಪೆ ಬಡಿದರೆ ಪಿಂಚಣಿ

ಜನ ಕಟ್ಟುವ ತೆರಿಗೆ ಮುಪ್ಪಿನವರ ಕೈಗೆ ಪಿಂಚಣಿಯಾಗಿ ತಲುಪುವುದು ನಾಗರಿಕತೆಯ ಮಹಾಸಾಧನೆ. ಅದು ತಲುಪಬೇಕಾದರೆ ನಡುವೆ ಒಮ್ಮೆ ರೆಪ್ಪೆ ಬಡಿಯಬೇಕೆಂಬುದು ಮಾತ್ರ ನನಗೆ ಇಂದು ಬೆಳಿಗ್ಗೆ ತಿಳಿಯಿತು.

ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದಿಳಿದು, ಭದ್ರಾವತಿಯ ಹಳೇನಗರದ ಅಂಚೆ ಕಚೇರಿಗೆ ಸ್ಟಾಂಪು ಕೊಳ್ಳಲು ಹೋಗಿದ್ದೆ. ಅಲ್ಲಿ ರಂಗಮ್ಮನವರೆಂಬ ಅಜ್ಜಿ ಕುರ್ಚಿಯಲ್ಲಿ ಕೂತಿದ್ದರು. ಅವರ ಯಜಮಾನರು ಸರ್ಕಾರಿ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದವರು. ಅವರು ಹೋದಮೇಲೆ ಪಿಂಚಣಿ ಇವರಿಗೆ. ಬದುಕಿದ್ದೇನೆಂದು ವರ್ಷಕ್ಕೊಮ್ಮೆ ತೋರಿಸದಿದ್ದರೆ ಅದು ನಿಲ್ಲುತ್ತದೆ. ಇಂದೇ ಕಡೇ ದಿನ. ಬೂದಿಯಲ್ಲಿ ಪಾತ್ರೆ ತಿಕ್ಕಿ ಸವೆದ ಹೆಬ್ಬೆಟ್ಟನ್ನು ಬೆರಳಚ್ಚಿನ ಯಂತ್ರ ಒಪ್ಪದ್ದರಿಂದ, ಪೋಸ್ಟ್‌ಮ್ಯಾನ್ ತನ್ನ ಫೋನನ್ನು ಅವರ ಮುಖಕ್ಕೆ ಹಿಡಿದ.

"ಕಣ್ಣು ಮಿಟುಕ್ಸಿ ಅಜ್ಜಿ. ಬದುಕಿದ್ದೀರಿ ಅಂತ ಇದಕ್ಕೆ ಗೊತ್ತಾಗ್ಬೇಕು."

ಅಜ್ಜಿ ಉಸಿರು ಬಿಗಿಹಿಡಿದು, ಸ್ಟುಡಿಯೋದಲ್ಲಿ ಕೂತಂತೆ ನೆಟ್ಟಗೆ ನೋಡಿದರು. ಮೂರು ಸಲವೂ ಹಾಗೇ.

"ಫೋಟೋ ತೆಗೆಯುವಾಗ ಯಾರಾದ್ರೂ ಕಣ್ಣು ಮುಚ್ತಾರೇನೋ ಮಾರಾಯ? ನನ್ನ ಮದ್ವೆ ಫೋಟೋ ಹಾಳಾಗಿದ್ದೇ ಹಂಗೆ. ಇದೂ ಕೆಟ್ರೆ ಪಿಂಚಣಿ ಯಾರು ಕೊಡ್ತಾರೆ?"

ತೆರಿಗೆದಾರನ ಗಾಂಭೀರ್ಯದಿಂದ ನಾನು ಬಾಯಿ ಹಾಕಿದೆ: "ನಾವು ಕಟ್ಟೋ ತೆರಿಗೆ ನಿಮಗೆ ಬರಬೇಕಲ್ಲ ಅಜ್ಜಿ, ಮಿಟುಕಿಸಿ."

"ನೀವೊಬ್ರೇ ಕಟ್ಟೋದಾ? ನಾನು ಸೋಪು ತಗೊಂಡ್ರೆ ಅಂಗಡೀಲಿ ತೆರಿಗೆ ಬಿಟ್ಟು ಕೊಡ್ತಾರಾ?"

ಇಷ್ಟು ಹೇಳುವಾಗಲೂ ಅವರು ಫೋನಿನಿಂದ ಮುಖ ತಿರುಗಿಸಲಿಲ್ಲ. ಸಿಟ್ಟಿಗೆ ರೆಪ್ಪೆಗಳು ಮಾತ್ರ ಪಟಪಟ ಬಡಿದವು.

ರಂಗಮ್ಮನವರು ಬದುಕಿದ್ದಾರೆಂದು ಇನ್ನೊಂದು ವರ್ಷಕ್ಕೆ ದಾಖಲಾಯಿತು.