ನಾಲ್ಕನೇ ತರಗತಿಯ ಪಾದ

ಬೆರಳತ್ತೆಗೆ ಆ ಹೆಸರು ಬಂದದ್ದು ಅವಳ ಹೆಬ್ಬೆರಳಿನಿಂದ. ಶೂ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳ ಕಾಲು ಅಳೆದವಳು ಅವಳು. ಮಗುವನ್ನು ನೆಟ್ಟಗೆ ನಿಲ್ಲಿಸಿ ಎರಡೂ ಪಾದ ಅಳೆಯುತ್ತಿದ್ದಳು, ಏಕೆಂದರೆ ಒಂದು ಪಾದ ಇನ್ನೊಂದಕ್ಕಿಂತ ಚೂರು ಉದ್ದ ಇದ್ದೇ ಇರುತ್ತದೆ. ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಲೇಸು ಕಟ್ಟಿ, ಕೊನೆಗೆ ಶೂವಿನ ಮೂತಿಯ ಮೇಲೆ ಹೆಬ್ಬೆರಳನ್ನು ಅಡ್ಡಲಾಗಿ ಇಡುತ್ತಿದ್ದಳು. ಆ ಬೆರಳಿನ ಅಗಲದಷ್ಟು ಜಾಗ ಇರಬೇಕು. ಹೆಚ್ಚೂ ಬೇಡ, ಕಮ್ಮಿಯೂ ಬೇಡ. ಆಮೇಲೆ ಮಗು ಕನ್ನಡಿಯವರೆಗೆ ನಡೆದು ಬರಬೇಕು. ಹಿಮ್ಮಡಿ ಶೂ ಬಿಟ್ಟು ಮೇಲೆದ್ದಿತೋ, ಆ ಜೋಡಿ ಡಬ್ಬಕ್ಕೆ ವಾಪಸ್ಸು.

ತಂದೆತಾಯಿಯರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? "ಎರಡು ವರ್ಷ ಬರೋ ಹಾಗೆ ದೊಡ್ಡದೇ ಕೊಡಿ, ಮುಂದೆ ಹತ್ತಿ ತುರುಕ್ತೀವಿ" ಎನ್ನುತ್ತಿದ್ದರು.

"ಹತ್ತಿ ತುರುಕೋಕೆ ಅದು ದಿಂಬಲ್ಲ" ಎನ್ನುತ್ತಿದ್ದಳು ಅತ್ತೆ.

ಅವಳ ಮೊಮ್ಮಗಳು ನಾಲ್ಕನೇ ತರಗತಿಗೆ ಬಂದ ವರ್ಷ ಶಾಲೆಯಲ್ಲಿ ಶಿಸ್ತು ಸಮಿತಿ ಹುಟ್ಟಿಕೊಂಡಿತು. ಮಕ್ಕಳ ಶೂಗಳು ಒಂದೊಂದು ಒಂದೊಂದು ಥರ ಇವೆ, ಸಾಲು ನೋಡಲು ಚೆನ್ನಾಗಿಲ್ಲ ಎಂಬುದು ಸಮಿತಿಯ ಅಧ್ಯಕ್ಷರ ಮೊದಲ ಸಂಶೋಧನೆ. ಇನ್ನು ಮುಂದೆ ಶಾಲೆಯೇ ಶೂ ಕೊಡುತ್ತದೆ ಎಂದು ತೀರ್ಮಾನವಾಯಿತು. ಅಳತೆ ತೆಗೆಯುವ ರಗಳೆಯೇ ಬೇಡವೆಂದು ಮೂರನೇ ತರಗತಿಗೆ ಒಂದನೇ ನಂಬರು, ನಾಲ್ಕನೆಯದಕ್ಕೆ ಎರಡು, ಐದನೆಯದಕ್ಕೆ ಮೂರು ಎಂದು ಗೊತ್ತುಮಾಡಿದರು. ಈ ಸರಳ ಉಪಾಯ ಇಷ್ಟು ದಿನ ಯಾರಿಗೂ ಹೊಳೆಯದೆ ಇದ್ದುದಕ್ಕೆ ಸಭೆ ಆಶ್ಚರ್ಯವನ್ನೂ ದಾಖಲಿಸಿತು.

ಮೊಮ್ಮಗಳ ಕಾಲಿಗೆ ಮೂರನೇ ನಂಬರು ಬೇಕಿತ್ತು. ಸಿಕ್ಕಿದ್ದು ಎರಡು. ಮೂರನೇ ದಿನ ಸಂಜೆ ಹುಡುಗಿ ಮೆಟ್ಟಿಲ ಮೇಲೆ ಕುಳಿತು ಕಾಲುಚೀಲ ಬಿಚ್ಚಿದಾಗ ಹೆಬ್ಬೆರಳಿನ ಉಗುರು ನೇರಳೆಯಾಗಿತ್ತು. ಅತ್ತೆ ಬೆಚ್ಚಗಿನ ನೀರಿನಲ್ಲಿ ಅವಳ ಕಾಲು ಇಳಿಸಿದಳು. ಇಷ್ಟು ವರ್ಷ ಊರಿನ ಮಕ್ಕಳ ಕಾಲು ಕಾಯ್ದು ಮನೆಯ ಮಗುವಿನ ಕಾಲನ್ನೇ ಕಾಯಲಾಗಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಮರುದಿನ ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯಿನಿ ಸೌಜನ್ಯದಿಂದ ಕುರ್ಚಿ ತೋರಿಸಿದರು. "ನೋಡಿ, ನಿಯಮ ಇರೋದು ತರಗತಿಗೆ, ಕಾಲಿಗಲ್ಲ. ಕಾಲಿನ ಬಗ್ಗೆ ಆದೇಶದಲ್ಲಿ ಏನೂ ಹೇಳಿಲ್ಲ."

ಪಕ್ಕದಲ್ಲಿದ್ದ ಅಧ್ಯಕ್ಷರು ಸಮಾಧಾನ ಹೇಳಿದರು. "ಒಂದು ವರ್ಷ ತಡ್ಕೊಳ್ಳಿ ಅಮ್ಮ. ಐದಕ್ಕೆ ಹೋದ್ರೆ ತಾನಾಗೇ ಮೂರನೇ ನಂಬರು ಸಿಗುತ್ತೆ."

"ಅಷ್ಟು ಹೊತ್ತಿಗೆ ಕಾಲು ಆರನೇ ತರಗತೀಲಿರುತ್ತೆ ಸ್ವಾಮಿ."

"ಅದು ಕಾಲಿನ ತಪ್ಪು" ಎಂದರು ಅಧ್ಯಕ್ಷರು.

ಅತ್ತೆ ಎದ್ದು ಬಂದಳು. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಗೇನೂ ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮರುದಿನ ಬೆಳಗ್ಗೆ, ಅಂಗಡಿ ತೆರೆಯುವ ಮುನ್ನ, ಅಳತೆಪಟ್ಟಿ ಹಿಡಿದು ಶಾಲೆಯ ಗೇಟಿನ ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಬಂದ ಮಕ್ಕಳ ಕಾಲು ಅಳೆದು ಅಂಗೈ ಮೇಲೆ ಪೆನ್ನಿನಲ್ಲಿ ನಂಬರು ಬರೆದಳು. ಆಮೇಲೆ ಸಂತೆಯೇ ಶುರುವಾಯಿತು. ನಾಲ್ಕನೇ ತರಗತಿಯ ದೊಡ್ಡ ಪಾದ ಐದನೇ ತರಗತಿಯ ಸಣ್ಣ ಪಾದವನ್ನು ಹುಡುಕಿತು. "ಎರಡು ಯಾರದ್ದು? ಎರಡು ಬೇಕು, ಮೂರು ಕೊಡ್ತೀನಿ!" ಎಂದು ಕೂಗಿದ ಪುಟ್ಟ ಹುಡುಗಿಯ ಜೊತೆ ಮೊಮ್ಮಗಳ ಶೂ ಬದಲಾಯಿತು. ಅತ್ತೆ ಬೆರಳಿಟ್ಟು ನೋಡಿದಳು. "ಹೂಂ, ಈಗ ಓಡು" ಎಂದಳು. ಹುಡುಗಿ ಹಿಂತಿರುಗಿ ನೋಡದೆ ಓಡಿದಳು.

ವಾರದೊಳಗೆ ಹೆಚ್ಚುಕಮ್ಮಿ ಇಡೀ ಶಾಲೆಯ ಕಾಲಿಗೆ ಶೂ ಒಗ್ಗಿತು. ಹನ್ನೊಂದು ಮಕ್ಕಳಿಗೆ ಮಾತ್ರ ಏನು ಮಾಡಿದರೂ ಜೋಡಿ ಸಿಗಲಿಲ್ಲ. ಅವರು ಮನೆಯ ಹಳೆಯ ಶೂಗಳಲ್ಲೇ ಹಿಂದಿನ ಸಾಲಿನಲ್ಲಿ ನಿಂತರು.

ತಿಂಗಳ ಕೊನೆಗೆ ಅಧ್ಯಕ್ಷರು ತಪಾಸಣೆಗೆ ಬಂದರು. "ಯಾರಿಗಾದ್ರೂ ಶೂ ಕಚ್ಚುತ್ತಾ?" ಎಂದು ಕೇಳಿದರು.

"ಇಲ್ಲಾ ಸಾರ್!" ಎಂದು ಮೈದಾನವೇ ಕೂಗಿತು.

ಅಧ್ಯಕ್ಷರಿಗೆ ಕಣ್ಣು ತುಂಬಿ ಬಂತು. ಹಿಂದಿನ ಸಾಲಿನವರೆಗೆ ಅವರು ನಡೆಯಲೇ ಇಲ್ಲ. ತರಗತಿಗೆ ತಕ್ಕಂತೆ ಪಾದಗಳು ತಾವೇ ಹೊಂದಿಕೊಂಡಿವೆ ಎಂದು ವರದಿ ಬರೆದರು. ಯಶಸ್ಸಿನ ಅಮಲು ತಲೆಗೇರಿದ ಮೇಲೆ ಸುಮ್ಮನಿರಲಾಗುತ್ತದೆಯೇ? ಯೋಜನೆಯನ್ನು ಶಿಕ್ಷಕಿಯರಿಗೂ ವಿಸ್ತರಿಸಿದರು. ಅವರಿಗೆ ತರಗತಿ ಇಲ್ಲವಾದ್ದರಿಂದ ಸೇವಾವಧಿಯ ಮೇಲೆ ನಂಬರು ನಿಗದಿಯಾಯಿತು. ನಿನ್ನೆ ಮೊನ್ನೆ ಸೇರಿದ ಡ್ರಾಯಿಂಗ್ ಟೀಚರಿಗೆ ಮೂರು. ಮೂವತ್ತೊಂದು ವರ್ಷ ದುಡಿದ ಮುಖ್ಯೋಪಾಧ್ಯಾಯಿನಿಗೆ, ಗೌರವಪೂರ್ವಕವಾಗಿ, ಹತ್ತು.

ಮುಖ್ಯೋಪಾಧ್ಯಾಯಿನಿ ಎರಡು ದಿನ ಕಾರಿಡಾರಿನಲ್ಲಿ ಪಟಪಟನೆ ಸದ್ದು ಮಾಡುತ್ತ ಓಡಾಡಿದರು. ಅವರು ಬರುವುದು ಎರಡು ಕೋಣೆ ಆಚೆಗೇ ತಿಳಿಯುತ್ತಿದ್ದುದರಿಂದ ಮಕ್ಕಳ ಶಿಸ್ತು ನಿಜಕ್ಕೂ ಸುಧಾರಿಸಿತು. ಮೂರನೇ ದಿನ ಮೆಟ್ಟಿಲಲ್ಲಿ ಎಡವಿ, ಮೊಣಕಾಲು ತರಚಿಕೊಂಡು, ಸಂಜೆ ಅಂಗಡಿಗೆ ಬಂದು ಅತ್ತೆಯ ಮುಂದೆ ಕುಳಿತರು.

"ಅಳೀರಿ" ಎಂದರು, ನೆಲ ನೋಡುತ್ತ.

ಅತ್ತೆಯ ನಾಲಿಗೆಯ ತುದಿಯಲ್ಲಿ ಒಂದು ಮಾತು ಕುಣಿಯುತ್ತಿತ್ತು. ಆದರೆ ಕೈಯಲ್ಲಿದ್ದದ್ದು ತರಚಿದ ಕಾಲು. ಮಾತನ್ನು ನುಂಗಿ ಎರಡೂ ಪಾದ ಅಳೆದಳು. "ಐದು. ಎಡಗಾಲು ಚೂರು ಉದ್ದ."

"ಆ ಹನ್ನೊಂದು ಮಕ್ಕಳ ಪಟ್ಟಿ ನಿಮ್ಮ ಹತ್ರ ಇದೆಯಂತೆ?"

"ಇದೆ. ಹಿಂದಿನ ಸಾಲಲ್ಲೇ ನಿಂತಿದಾರೆ, ನೋಡಿರ್ತೀರಿ."

ಅವರಿಗೆ ಅಳತೆಯ ಶೂ ಕೊಡಿಸಲು ಮುಖ್ಯೋಪಾಧ್ಯಾಯಿನಿ ಅಲ್ಲೇ ಪಟ್ಟಿಗೆ ಸಹಿ ಹಾಕಿದರು. ಶಿಕ್ಷಕಿಯರ ನಿಯಮ ಮರುದಿನವೇ "ತಾಂತ್ರಿಕ ಕಾರಣ"ದಿಂದ ರದ್ದಾಯಿತು. ಮಕ್ಕಳದು ರದ್ದಾಗಲು, ಅವರು ಮಕ್ಕಳಾದ್ದರಿಂದ, ಮೂರು ತಿಂಗಳು ಹಿಡಿಯಿತು. ಇನ್ನು ವರ್ಷಕ್ಕೆರಡು ಸಲ ಪಾದ ಅಳೆದೇ ಶೂ ಕೊಡುವುದೆಂದೂ, ಅಳೆಯುವವಳು ಬೆರಳತ್ತೆಯೆಂದೂ ಆಯಿತು. ನಿಮಗೇನು ಸೌಲಭ್ಯ ಬೇಕೆಂದು ಸಮಿತಿ ಪತ್ರ ಬರೆದು ಕೇಳಿತು. "ಕೂರೋಕೆ ಒಂದು ಗಿಡ್ಡ ಸ್ಟೂಲು" ಎಂದು ಅತ್ತೆ ಬರೆದಳು.

ಸ್ಟೂಲಿನ ಎತ್ತರ ನಿರ್ಧರಿಸಲು ಉಪಸಮಿತಿ ರಚನೆಯಾಗಿದೆ. ಅತ್ತೆ ಸದ್ಯಕ್ಕೆ ನೆಲದ ಮೇಲೆ ಕುಳಿತು ಅಳೆಯುತ್ತಿದ್ದಾಳೆ.