ಹಸಿ ಕಣಿಕಿಯ ಹೊಗೆ

ಅಫಜಲಪುರದ ಹೊರಗೆ ನಮ್ಮ ಹೊಲದಲ್ಲಿ ವಿಮಾನ ಇಳಿಯುತ್ತದೆ ಎಂದರೆ ಟ್ರೇನಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಯಾರೂ ನಂಬುತ್ತಿರಲಿಲ್ಲ. "ಹಡಗೂ ಬರ್ತಾವೇನ್ ಬೇ ನಿಮ್ಮ ಹೊಲಕ್ಕ?" ಎಂದು ಜೇವರ್ಗಿಯ ಗೆಳತಿಯೊಬ್ಬಳು ಕೇಳಿದ್ದಳು. ಅದನ್ನೂ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಎಂಟನೇ ಇಯತ್ತೆಯಿಂದ ನನಗೆ ದಿನಚರಿಯ ರೂಢಿ. ಪುಟಕ್ಕೆ ನಾಲ್ಕು ಮನೆ: ತಾರೀಖು, ಮಳೆ, ಎಮ್ಮೆಯ ಹಾಲು, ವಿಮಾನ. ಹಾಲಿನ ಮನೆ ದಿನಾಲೂ ತುಂಬುತ್ತಿತ್ತು, ಮಳೆಯದು ಆಗಾಗ, ವಿಮಾನದ್ದು ವರ್ಷಕ್ಕೆ ಐದಾರು ಸಲ.

ವಿಮಾನ ಇಳಿಯುವ ಆ ಪಟ್ಟಿ ನಿಜಾಮರ ಕೊನೆಯ ವರ್ಷಗಳದು. ಅಜ್ಜನ ನಾಲ್ಕು ಎಕರೆ ಕಪ್ಪು ಎರಿಮಣ್ಣಿನ ಹೊಲವನ್ನೂ ಅದರಲ್ಲಿದ್ದ ಬಾವಿಯನ್ನೂ, ಕೆಲಸ ತೀರಿದ ಮೇಲೆ ಮರಳಿ ಕೊಡುತ್ತೇವೆಂದು ಹೇಳಿ ತೆಗೆದುಕೊಂಡರಂತೆ. ಗರಸು ಮಣ್ಣು ಸುರಿದು, ರೋಲರ್ ಹೊಡೆದು ಉದ್ದಕ್ಕೆ ಗಟ್ಟಿ ನೆಲ ಮಾಡಿದರು. ಬಾವಿ ಪಟ್ಟಿಯ ಅಂಚಿಗೇ ಬಂದದ್ದರಿಂದ ಅದರ ಬಾಯಿಗೆ ಶಹಾಬಾದಿನ ಫರಸಿ ಕಲ್ಲು ಹಾಸಿ ಗಾರೆ ಮೆತ್ತಿದರು. ಆಗ ಅಪ್ಪ ಇನ್ನೂ ಹುಡುಗ. ಹಿಂದಿನ ದಿನದವರೆಗೂ ಆ ಬಾವಿಯಲ್ಲಿ ಈಜಿದ್ದ. ನಿಜಾಮರು ಹೋದರು, ರಾಜ್ಯದ ಹೆಸರು ಬದಲಾಯಿತು, ಮತ್ತೊಮ್ಮೆ ಬದಲಾಯಿತು, ಫರಸಿ ಮಾತ್ರ ಕದಲಲಿಲ್ಲ. ನಮ್ಮ ಪಾಲಿಗೆ ಉಳಿದ ಎರಡು ಎಕರೆ ಪಟ್ಟಿಗೆ ಹತ್ತಿಕೊಂಡೇ ಇತ್ತು. ನೀರು ಇಪ್ಪತ್ತು ಮಾರು ದೂರದಲ್ಲಿ, ಕಲ್ಲಿನ ಕೆಳಗೆ. ನಾಲ್ಕು ಎಕರೆ ಬರಲಿ ಬಿಡಲಿ, ಅಪ್ಪನಿಗೆ ಬೇಕಾಗಿದ್ದದ್ದು ಆ ಬಾವಿ. "ಆ ಫರಸಿ ಒಂದ್ ಸರಿಸಿದ್ರ ಸಾಕು" ಎಂಬ ಮಾತನ್ನು ಊಟಕ್ಕೆ ಕುಳಿತಾಗ ಉಪ್ಪು ಕೇಳಿದಷ್ಟು ಸಹಜವಾಗಿ ಹೇಳುತ್ತಿದ್ದ.

ವಿಮಾನ ಇಳಿಸುವುದು ನಮ್ಮ ಮನೆಯ ಕೆಲಸವಾಗಿತ್ತು. ಯಾರೂ ವಹಿಸಿದ್ದಲ್ಲ. ಕಬ್ಬಿಗೆ, ಹತ್ತಿಗೆ ಔಷಧ ಹೊಡೆಯುವ ಸಣ್ಣ ವಿಮಾನಗಳು ಬರುತ್ತಿದ್ದವು. ಭೀಮಾ ತುಂಬಿದಾಗ ಅಧಿಕಾರಿಗಳು, ಚುನಾವಣೆಗೆ ಮುಖಂಡರು. ಹಿಂದಿನ ದಿನ ಕಚೇರಿಯ ಸಿಪಾಯಿ ಸೈಕಲ್ಲಿನ ಮೇಲೆ ಬಂದು, ಇಳಿಯದೆಯೇ ಒಂದು ಕಾಲೂರಿ, "ನಾಳಿ ಅದ ರೀ" ಎಂದು ಹೇಳಿ ಹೋಗುತ್ತಿದ್ದ. ಮರುದಿನ ಕಾಕಾ, ಅಂದರೆ ಅಪ್ಪನ ತಮ್ಮ, ಪಟ್ಟಿಯ ಮೇಲಿನ ದನಗಳನ್ನು ಹೊಡೆದು ಹೊರಹಾಕುತ್ತಿದ್ದ. ಅವ್ವ ಜೋಳದ ಕಣಿಕಿಯ, ಅಂದರೆ ತೆನೆ ಕೊಯ್ದ ದಂಟಿನ, ಎರಡು ಸೂಡುಗಳನ್ನು ದನದ ಕಲ್ಲುಬಾನಿಯಲ್ಲಿ ನೆನೆಹಾಕುತ್ತಿದ್ದಳು. ವಿಮಾನದ ಸದ್ದು ಕೇಳಿದ ಕೂಡಲೆ ಅಪ್ಪ ಪಟ್ಟಿಯ ತುದಿಯಲ್ಲಿ ಒಣ ಕಣಿಕಿಗೆ ಬೆಂಕಿ ಹಚ್ಚಿ ಮೇಲೆ ಹಸಿ ಸೂಡು ಒಗೆಯುತ್ತಿದ್ದ. ದಪ್ಪ ಬಿಳಿ ಹೊಗೆ ಎದ್ದು ಗಾಳಿ ಹೋದ ಕಡೆ ಬಾಗುತ್ತಿತ್ತು. ಗಾಳಿಗೆ ಎದುರಾಗಿ ಇಳಿಯಬೇಕು. ಮೇಲಿದ್ದವನಿಗೆ ಅದು ಹೊಗೆಯಿಂದ ತಿಳಿಯುತ್ತಿತ್ತು. ಗಾಳಿ ತೋರಿಸಲು ಸರಕಾರ ಕಟ್ಟಿದ್ದ ಬಟ್ಟೆಯ ಚೀಲ ನಾನು ಹುಟ್ಟುವ ಮೊದಲೇ ಹರಿದು ಹೋಗಿ, ಬರೀ ಕಂಬ ಉಳಿದಿತ್ತು. ಈ ಕೆಲಸಕ್ಕೆ ಕೂಲಿ ಇರಲಿಲ್ಲ, ನಾವು ಕೇಳಿಯೂ ಇರಲಿಲ್ಲ. ಮನೆಗೆ ಯಾರಾದರೂ ಬಂದರೆ ಎದ್ದು ನಾಯಿ ಹಿಡಿದುಕೊಳ್ಳುವುದಿಲ್ಲವೇ, ಹಾಗೆ.

ಒಂದು ಸಲ ಮಾತ್ರ ತಪ್ಪಿತು. ಅಪ್ಪ, ಕಾಕಾ ಇಬ್ಬರೂ ಆಳಂದಕ್ಕೆ ಮದುವೆಗೆ ಹೋಗಿದ್ದಾಗ ಔಷಧದ ವಿಮಾನವೊಂದು ಹೇಳದೆ ಕೇಳದೆ ಬಂತು. ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿದು, ನಿಲ್ಲಲಾರದೆ, ಪಟ್ಟಿ ದಾಟಿ ಹಳ್ಳಕ್ಕೆ ಮೂಗು ಇಟ್ಟಿತು. ಪೈಲಟನನ್ನು ನಮ್ಮ ಹೊರಸಿನ ಮೇಲೆ ಮಲಗಿಸಿ ಜೀಪು ಬರುವವರೆಗೆ ಅವ್ವ ನೀರು ಕುಡಿಸಿದಳು. ಆತ ಬದುಕಿಕೊಂಡ. ಸಂಜೆ ಬಸ್ಸಿಳಿದು ಬಂದ ಅಪ್ಪ ಹೊರಸಿನ ಹಗ್ಗಕ್ಕೆ ಅಂಟಿದ್ದ ರಕ್ತ ನೋಡಿ ಊಟ ಮಾಡಲಿಲ್ಲ. ಮದುವೆಗೆ ಹೋದವನ ತಪ್ಪೇನಿತ್ತು ಎಂದು ಅವ್ವ ಎಷ್ಟು ಹೇಳಿದರೂ ಆ ಹಗ್ಗವನ್ನು ತಾನೇ ಬಿಚ್ಚಿ ಬೇರೆ ಹೆಣೆದ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಪಟ್ಟಿಯ ಜಗಳ ಶುರುವಾಯಿತು. ಪೇಟೆಯವರು ಅಲ್ಲಿ ನಿಜವಾದ ವಿಮಾನ ನಿಲ್ದಾಣ ಆಗಬೇಕೆಂದರು. ಹೊಲ ಕಳೆದುಕೊಂಡ ನಾವು ಐದು ಮನೆಯವರು, ವರ್ಷಕ್ಕೆ ಐದಾರು ವಿಮಾನಕ್ಕೆ ಇಷ್ಟು ನೆಲ ಏಕೆ, ಮರಳಿ ಕೊಡಿ ಎಂದೆವು. ತಾಲ್ಲೂಕು ಕಚೇರಿಯ ಬೇವಿನ ಮರದ ಕೆಳಗೆ ಸಭೆ ಸೇರಿತು. ನಾನೂ ಅಪ್ಪನ ಜೊತೆ ಹೋಗಿದ್ದೆ. ಪೇಟೆಯವರ ಪರವಾಗಿ ಅರಿವೆ ಅಂಗಡಿಯ ಸಾಹುಕಾರರು ಎದ್ದು ನಿಂತರು.

"ಮುಂಜಾನಿ ಹೈದರಾಬಾದಿಗಿ ಹೋಗಿ ಮಾಲ್ ನೋಡಿ, ಸಂಜಿಗಿ ಮನಿಗಿ ಬಂದು ರೊಟ್ಟಿ ತಿನ್ನಬಹುದು. ಊರ್ ಮುಂದ ಬರೋದು ಬ್ಯಾಡೇನ್ರಿ?"

"ನೀವು ಗುಲಬರ್ಗಾದ ಬಸ್ಸಿಗೇ ಎರಡ್ ರೂಪಾಯಿ ಉಳಿಸ್ಲಾಕ ಲಾರಿ ಏರ್ತೀರಿ ಸಾವ್ಕಾರ್ರ" ಎಂದ ಕಾಕಾ. "ವಿಮಾನದಾಗೂ ಮಾಲಿನ ಮ್ಯಾಲ ಕುಂಡ್ರವ್ರೇನು?"

ಎಲ್ಲರೂ ನಕ್ಕರು. ಸಾಹುಕಾರರೂ ನಕ್ಕರು. ನಗೆ ಇಳಿದ ಮೇಲೆ ಅಧಿಕಾರಿಗಳು ಹೇಳಿದ್ದಿಷ್ಟು: ಬೆಂಗಳೂರಿನಿಂದ ಒಬ್ಬ ಸಾಹೇಬರು ವಿಮಾನದಲ್ಲೇ ಬಂದು ನೋಡುತ್ತಾರೆ. ಪಟ್ಟಿ ಬಳಕೆಗೆ ಯೋಗ್ಯ ಎಂದರೆ ಸರಕಾರ ಇಟ್ಟುಕೊಳ್ಳುತ್ತದೆ. ಹಾಳುಬಿದ್ದಿದೆ, ಇಳಿಯಲು ಬರುವುದಿಲ್ಲ ಎಂದರೆ ನೆಲ ಮೊದಲಿನವರಿಗೆ ಮರಳುತ್ತದೆ.

ಅಂದು ಸಂಜೆ ಐದು ಮನೆಯವರು ನಮ್ಮ ಅಂಗಳದಲ್ಲಿ ಸೇರಿದರು. ಕಾಕಾನ ಉಪಾಯ ಸರಳವಾಗಿತ್ತು.

"ನಾವ್ ಏನೂ ಮಾಡೋದು ಬ್ಯಾಡ. ಮುಳ್ಳು ಹಚ್ಚೋದು ಬ್ಯಾಡ, ಕಲ್ಲು ಇಡೋದು ಬ್ಯಾಡ. ಸುಮ್ ಕೂಡೋದು. ದನ ತಮ್ಮ ಪಾಡಿಗಿ ಮೇಯ್ಲಿ. ಹೊಗಿ ಹಾಕೋದು ಬ್ಯಾಡ. ಅಂವ ಮ್ಯಾಲ ಎರಡ್ ಸುತ್ತು ಹೊಡೀತಾನ, ಇಳೀಲಾಕ ಬರಂಗಿಲ್ಲ ಅಂತ ಬರ್ಕೊಂಡು ಹೋಗ್ತಾನ. ಅಣ್ಣಾ, ನೀ ಲಿಂಗ ಮುಟ್ಟಿ ಹೇಳು."

"ಸುಮ್ ಕೂಡ್ಲಾಕೂ ಆಣಿ ಬೇಕೇನೋ?" ಎಂದು ಅಪ್ಪ ನಕ್ಕ.

"ನಿನಗ ಬೇಕು" ಎಂದಳು ಅವ್ವ ಒಳಗಿನಿಂದ.

ಹೋಳಿ ಹುಣ್ಣಿಮೆ ಮುಗಿದ ವಾರ, ಮಂಗಳವಾರ, ಸಾಹೇಬರು ಬರುವವರಿದ್ದರು. ನಾನು ರಜೆಗೆ ಊರಿಗೆ ಬಂದಿದ್ದೆ. ಅಪ್ಪ ಪಟ್ಟಿಗೆ ಬೆನ್ನು ಮಾಡಿ ಅಂಗಳದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ. ಕಾಕಾ ಎದುರಿನ ಕಟ್ಟೆಯ ಮೇಲೆ ಅವನನ್ನು ಕಾಯಲೆಂದೇ ಕುಳಿತಂತಿದ್ದ. ಪಟ್ಟಿಯ ಮೇಲೆ ನಮ್ಮ ಮೂರು ಎಮ್ಮೆ, ಮಂದಿಯವು ಹತ್ತು ಹನ್ನೆರಡು. ಬಿಸಿಲು ಏರಿದಂತೆ ಪಡುವಣ ಗಾಳಿ ಜೋರಾಯಿತು.

ವಿಮಾನ ಬಂತು. ಕೆಳಗಿಳಿಯುತ್ತ ಬಂದು, ಎಮ್ಮೆಗಳನ್ನು ಕಂಡು ಒಮ್ಮೆಲೆ ಮೇಲೆ ಹೋಯಿತು. ಕಾಕಾ ತೊಡೆ ತಟ್ಟಿಕೊಂಡ. "ಹೋಯ್ತು ನೋಡು! ಇನ್ನೊಂದ್ ಸುತ್ತು, ಮುಗೀತು." ಅಪ್ಪ ತಲೆ ಎತ್ತಲಿಲ್ಲ, ಆದರೆ ಹಗ್ಗ ಹೊಸೆಯುವ ಕೈ ನಿಂತಿತ್ತು. ಸದ್ದು ಸುತ್ತು ಹಾಕುವುದನ್ನು ಅವನು ಕಿವಿಯಲ್ಲೇ ಹಿಂಬಾಲಿಸುತ್ತಿದ್ದ.

ವಿಮಾನ ಹೋಗಲಿಲ್ಲ. ಎಮ್ಮೆಗಳು ಸದ್ದಿಗೆ ಬೆದರಿ ಒಂದು ಬದಿಗೆ ಸರಿದಿದ್ದವು. ಅಷ್ಟು ಜಾಗ ಸಾಕೆಂದು ಮೇಲಿದ್ದವನಿಗೆ ಅನ್ನಿಸಿರಬೇಕು. ಈ ಸಲ ಪಡುವಣದ ತುದಿಯಿಂದ ಇಳಿಯತೊಡಗಿತು. ಗಾಳಿ ಅದರ ಬೆನ್ನಿಗಿತ್ತು.

ಅಪ್ಪ ತಿರುಗಿ ನೋಡಿದ.

"ಹಳ್ಳಕ್ಕ ಹೋಗಾಕತ್ಯಾನ" ಎಂದ. ಅದು ನಮಗೆ ಹೇಳಿದ್ದಲ್ಲ. ಮರುಗಳಿಗೆ ಎದ್ದು ಓಡಿದ. "ಬೆಂಕಿ ತಾರ್ವಾ, ಜಲ್ದಿ!" ಎಂಬ ಕೂಗು ಪಟ್ಟಿಯ ಕಡೆಯಿಂದ ಕೇಳಿತು.

ನಾನು ಒಲೆಯ ಕೊಳ್ಳಿ ಹಿಡಿದು ಹೊರಬಂದಾಗ ಅವ್ವ ಆಗಲೇ ಬಾನಿಯಿಂದ ಸೂಡು ಎತ್ತುತ್ತಿದ್ದಳು. ಸೂಡಿನಿಂದ ನೀರು ಧಾರೆಯಾಗಿ ಸೋರುತ್ತಿತ್ತು. ಅದು ಆಗ ಅದ್ದಿದ್ದಲ್ಲ, ಬೆಳಗಿನಿಂದ ನೆನೆದದ್ದು. ನಾನು ಅವಳ ಮುಖ ನೋಡಿದೆ. "ನನ್ನ ಮಾರಿ ಏನ್ ನೋಡ್ತಿ, ಓಡು" ಎಂದಳು.

ಕಾಕಾ ಕಟ್ಟೆಯಿಂದ ಹಾರಿ ಬಾಯಿಗೆ ಬಂದಂತೆ ಬೈಯುತ್ತ ನಮ್ಮ ಹಿಂದೆಯೇ ಓಡಿ ಬಂದ. ಅಪ್ಪನಿಗೆ, ಅವ್ವನಿಗೆ, ಸಾಹೇಬನಿಗೆ, ಸಾಹುಕಾರನಿಗೆ ಬೈದ. ತಡೆಯಲು ಬಂದನೆಂದುಕೊಂಡೆ. ಅವನು ನೇರ ಎಮ್ಮೆಗಳ ಕಡೆ ಓಡಿದ. "ಹೈಕ್! ನಿಮ್ಮಪ್ನ, ಸರೀರ್ಲೇ!" ಎಂದು ರುಮಾಲು ಬಿಚ್ಚಿ ಬೀಸುತ್ತ ಒಂದೊಂದನ್ನೂ ಪಟ್ಟಿಯ ಆಚೆ ದಾಟಿಸಿದ.

ಹೊಗೆ ಎದ್ದಿತು. ಪೂರ್ವಕ್ಕೆ ಬಾಗಿತು. ನೆಲಕ್ಕೆ ಇನ್ನೇನು ತಾಗುವಷ್ಟು ಇಳಿದಿದ್ದ ವಿಮಾನ ಒಮ್ಮೆ ನಡುಗಿದಂತಾಗಿ ಮೇಲೇರಿತು, ದೊಡ್ಡ ಸುತ್ತು ಹಾಕಿ ಪೂರ್ವದ ತುದಿಯಿಂದ ಬಂದು, ಗಾಳಿಗೆ ಎದುರಾಗಿ, ಹಗುರಾಗಿ ಇಳಿಯಿತು.

ಸಾಹೇಬರು ಒಳ್ಳೆಯ ಮನುಷ್ಯರು. ಇಳಿದವರೇ ಅಪ್ಪನ ಎರಡೂ ಕೈ ಹಿಡಿದುಕೊಂಡರು. ಪೈಲಟನ ಮುಖ ಬಿಳಿಚಿಕೊಂಡಿತ್ತು. ಅವ್ವ ಮಜ್ಜಿಗೆ ಕೊಟ್ಟಳು. ಸಾಹೇಬರು ಎರಡನೇ ಲೋಟ ಕುಡಿಯುತ್ತ ಕೇಳಿದರು: "ಹೊಗೆ ಹಾಕೋದು ನಿಮಗೆ ಯಾರು ಹೇಳ್ಕೊಟ್ಟಿದ್ದು?"

ಅಲ್ಲಿ ಅಪ್ಪ ಸುಮ್ಮನಿರಬಹುದಿತ್ತು. ಕಾಕಾ ಹಿಂದಿನಿಂದ ಅವನ ಅಂಗಿ ಜಗ್ಗಿದ್ದನ್ನು ನಾನು ನೋಡಿದೆ.

"ಯಾರ್ ಹೇಳ್ಬೇಕ್ರಿ? ನಮ್ಮಪ್ಪನ ಕಾಲದಿಂದ ನಾವ ಇಳಸ್ತೇವ್ರಿ. ಒಂದ ಒಂದು ಹಳ್ಳಕ್ಕ ಬಿದ್ದಾದ, ಅವತ್ತು ನಾವ್ ಊರಾಗ ಇದ್ದಿಲ್ಲ. ನಾವ್ ಇದ್ದಾಗ ಒಂದೂ ಬಿದ್ದಿಲ್ರಿ ಸಾಹೇಬ್ರ."

"ಭಲೆ. ಇಷ್ಟು ವ್ಯವಸ್ಥೆ ಇರುತ್ತೆ ಅಂತ ನಮಗೆ ಗೊತ್ತೇ ಇರಲಿಲ್ಲ" ಎಂದರು ಸಾಹೇಬರು. ಅಪ್ಪನ ಮುಖ ಅರಳಿತು. ಆ ಮಾತು ನಮಗೆ ಏನು ತರುತ್ತದೆಂದು ಅವನನ್ನು ಬಿಟ್ಟು ಉಳಿದ ಎಲ್ಲರಿಗೂ ಅರ್ಥವಾಗಿತ್ತು. ನಾನು ಒಳಗೆ ಹೋಗಿ ದಿನಚರಿ ತಂದು, ಕಳೆದ ವರ್ಷ ಇಳಿದದ್ದು ಐದೇ ವಿಮಾನ, ಅದರ ಹಿಂದಿನ ವರ್ಷ ಆರು ಎಂದು ತೋರಿಸಿದೆ. ಸಾಹೇಬರು ಕನ್ನಡಕ ಏರಿಸಿ ಪುಟ ತಿರುವಿದರು. "ಅಕ್ಷರ ಬಹಳ ಚೆನ್ನಾಗಿದೆಯಮ್ಮ" ಎಂದು ಮರಳಿ ಕೊಟ್ಟರು. ಸಾಹೇಬರು ಕಚೇರಿಯ ಜೀಪು ಹತ್ತುವಾಗ ಅಪ್ಪ ಬಾವಿಯ ಕಡೆ ಕೈ ಮಾಡಿ, ಅಷ್ಟು ಫರಸಿಯಾದರೂ ಸರಿಸಿಕೊಳ್ಳಬಹುದೇ ಎಂದು ಕೇಳಿದ. ಅವರು ನಿಂತು ನೋಡಿದರು. "ಅದನ್ನ ಮೇಲಿನವರು ಹೇಳಬೇಕಪ್ಪ" ಎಂದರು.

ಮೇಲಿನವರು ಮಳೆಗಾಲದಲ್ಲಿ ಹೇಳಿದರು. ಸ್ಥಳೀಯರ ಸಹಕಾರದಿಂದ ಪಟ್ಟಿ ಸುಸ್ಥಿತಿಯಲ್ಲಿದೆ, ಅದನ್ನು ಸರಕಾರವೇ ಇಟ್ಟುಕೊಂಡು ಮುಂದೆ ಬೆಳೆಸುತ್ತದೆ ಎಂಬ ಆದೇಶವನ್ನು ಚಾವಡಿಯಲ್ಲಿ ಓದಿದರು. ಸಾಹುಕಾರರು ಪೇಢೆ ಹಂಚಿದರು. ನಮ್ಮ ಮನೆಗೂ ಒಂದು ಪೊಟ್ಟಣ ಕಳಿಸಿದ್ದರು, ಅದರಲ್ಲಿ ಕೊಂಕೇನೂ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದರು. ಬಾವಿ ತಂತಿಯ ಒಳಗೆ ಹೋಯಿತು. ಮೊದಲು ಅಪ್ಪ ಫರಸಿಯ ಮೇಲೆ ಕುಳಿತು ಬುತ್ತಿಯನ್ನಾದರೂ ಉಣ್ಣುತ್ತಿದ್ದ.

ಉಳಿದ ನಾಲ್ಕು ಮನೆಯವರು ಕೆಲವು ತಿಂಗಳು ನಮ್ಮೊಡನೆ ಮಾತು ಬಿಟ್ಟರು. ಕಾಕಾ ಬಿಡಲಿಲ್ಲ. ಒಮ್ಮೆ ಅಪ್ಪ ತಾನಾಗಿಯೇ ಮಾತು ತೆಗೆದು, "ಬೈದು ಬಿಡೋ ಒಮ್ಮಿ" ಎಂದಾಗ ಕಾಕಾ ಹೇಳಿದ: "ಏನಂತ ಬೈಲಿ? ಎಮ್ಮಿ ಹೊಡದಂವ ನಾನ."

ವಿಮಾನ ನಿಲ್ದಾಣವೂ ಆಗಲಿಲ್ಲ. ಔಷಧದ ವಿಮಾನಗಳು ನಿಂತವು. ಒಂದು ಚುನಾವಣೆಯಲ್ಲಿ ನಿಲ್ದಾಣ ಎಂದರು, ಮುಂದಿನದರಲ್ಲಿ ಬಸ್ ಡಿಪೊ, ಅದರ ಮುಂದಿನದರಲ್ಲಿ ಮನೆಗಳ ಪ್ಲಾಟು. ಪ್ರತಿ ಸಲವೂ ಯಾರೋ ಬಂದು ಟೇಪು ಹಿಡಿದು ಅಳೆದರು. ನಾನು ಜೇವರ್ಗಿಯ ಕಡೆ ಶಾಲೆಗೆ ಮಾಸ್ತರಿಣಿಯಾಗಿ ಹೋದೆ. ರಜೆಗೆ ಬಂದಾಗ ಅವ್ವನನ್ನು ಕೇಳಿ ಹಿಂದಿನ ದಿನಗಳ ಮನೆ ತುಂಬುತ್ತಿದ್ದೆ: ಮಳೆ, ಹಾಲು. ವಿಮಾನದ ಮನೆಯಲ್ಲಿ ಸೊನ್ನೆಗಳನ್ನು ಬರೆಯುವುದು ಬಿಟ್ಟು, ವರ್ಷದ ಕೊನೆಗೆ ಒಂದೇ ಉದ್ದ ಗೆರೆ ಎಳೆಯತೊಡಗಿದೆ.

ಭೀಮಾ ದಡ ಮೀರಿದ ಒಂದು ವರ್ಷ, ನಾನು ಊರಲ್ಲಿದ್ದಾಗ, ಸಿಪಾಯಿ ಬಂದ. ಹೊಸಬ, ಸೈಕಲ್ ಅದೇ ಇರಬಹುದು. "ನಾಳಿ ಅದ ರೀ" ಎಂದ. ನಾನು ಅಪ್ಪನಿಗೆ, "ಈ ಸಲ ಹೋಗಬ್ಯಾಡ" ಎಂದೆ. "ನಾ ಎಲ್ಲಿ ಹೋಗಾಕತ್ತೇನಿ?" ಎಂದ. ಮರುದಿನ ತಂತಿ ಬೇಲಿಯ ಗೇಟಿಗೆ ಬೀಗವಿತ್ತು. ಕೀಲಿ ಜೀಪಿನೊಂದಿಗೆ ಬರಬೇಕಿತ್ತು. ಅಪ್ಪ ತಂತಿಯ ಈಚೆ, ನಮ್ಮ ಎರಡು ಎಕರೆಯಲ್ಲೇ ಕಣಿಕಿ ಒಟ್ಟಿ ಹೊಗೆ ಹಾಕಿದ. ವಿಮಾನ ಇಳಿಯಿತು, ದೊಡ್ಡವರು ಜೀಪು ಹತ್ತಿ ನದಿಯ ಕಡೆ ಹೋದರು. ಗೇಟು ಇನ್ನೂ ತೆರೆದಿತ್ತು. ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಗೇಟಿನ ಬಳಿ ನಿಂತ.

"ಬಾವಿ ತನಕ ಹೋಗಿ ಬರ್ಲೇನು?"

"ಒಳಗ ಬಿಡಂಗಿಲ್ರಿ ಮಾಲಕ್ರ" ಎಂದ ಸಿಪಾಯಿ, ಬಹಳ ಮರ್ಯಾದೆಯಿಂದ, ಮತ್ತು ಗೇಟು ಎಳೆದ.

ಅಪ್ಪ ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತ. ಅವ್ವ ರೊಟ್ಟಿ ಹಾಕುತ್ತ ಕೇಳಿದಳು: "ಗಾಳಿಗಿ ಎದುರ ಇಳದ್ನಿಲ್ಲೋ?"

"ಬರೋಬ್ಬರಿ ಇಳದ."

ನಾನು ದಿನಚರಿ ತೆಗೆದು, ಆ ವರ್ಷದ ಗೆರೆ ಇನ್ನೂ ಎಳೆದಿರಲಿಲ್ಲವಾದ್ದರಿಂದ, ವಿಮಾನದ ಮನೆಯಲ್ಲಿ ಒಂದು ಎಂದು ಬರೆದೆ.