ಪುಟ್ಟಮ್ಮಜ್ಜಿಯ ಕುಟ್ಟಾಣಿ ಎಳ್ಳುಬೆಲ್ಲ

"ಇದ್ನೂ ತಿನ್ನಂಗಿಲ್ವಾ?" ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಹೋದ ನನ್ನ ಮುಂದೆ ತಟ್ಟೆ ಹಿಡಿದು, ಪಕ್ಕದ ಮನೆಯ ಪುಟ್ಟಮ್ಮಜ್ಜಿ ಕೇಳಿದರು. ನಾನು ಬಾಯಿ ತೆರೆದು ಹಲ್ಲಿನ ತಂತಿ ತೋರಿಸಿದೆ. ನಲವತ್ತೆರಡರ ವಯಸ್ಸಿಗೆ, ಚೆಂದ ಕಾಣುವ ಆಸೆಗೆ ಪಾಂಡವಪುರದಲ್ಲಿ ಹಾಕಿಸಿಕೊಂಡದ್ದು. ಕೊಬ್ಬರಿ, ಕಡಲೆಬೀಜ, ಸಕ್ಕರೆ ಅಚ್ಚು, ಕಬ್ಬು ಯಾವುದನ್ನೂ ಕಚ್ಚುವಂತಿಲ್ಲ ಎಂದು ಡಾಕ್ಟರಿಗಿಂತ ಗಂಭೀರವಾಗಿ ವಿವರಿಸಿ, ಬಾಳೆಹಣ್ಣು ಸಾಕು ಅಂದೆ.

ಅಜ್ಜಿ ಒಳಗಿನಿಂದ ಎಲೆಅಡಿಕೆ ಕುಟ್ಟುವ ಕುಟ್ಟಾಣಿ ತಂದರು. ಸೆರಗಿನಲ್ಲಿ ಒರೆಸಿ, ಎಳ್ಳುಬೆಲ್ಲ ಸುರಿದು ಕುಟ್ಟತೊಡಗಿದರು.

"ನಂಗೆ ಒಂದ್ ಹಲ್ಲೂ ಇಲ್ಲ ಕಣವ್ವ. ನೀನು ಇರೋ ಹಲ್ಲಿಗೆ ಬೇಲಿ ಆಕುಸ್ಕಂಡಿದ್ದೀಯ. ಇಬ್ರುಗೂ ಇದೇ ಗತಿ, ತಿನ್ನು!"

ಪುಡಿಯನ್ನು ನನ್ನ ಅಂಗೈಗೆ ಅರ್ಧ ಸುರಿದು, ಉಳಿದರ್ಧವನ್ನು ತಾವೇ ಬಾಯಿಗೆ ಹಾಕಿಕೊಂಡರು. ನನಗೆ ಬೆಲ್ಲಕ್ಕಿಂತ ಮೊದಲು ಅಡಿಕೆಯ ಒಗರು ಸಿಕ್ಕಿತು. ಆದರೂ ಅಂಗೈ ನೆಕ್ಕಿ ಇನ್ನಷ್ಟು ಕೇಳಿದೆ.

ವಯಸ್ಸು ಮುಚ್ಚಿಡಲು ತಂತಿ ಹಾಕಿಸಿಕೊಂಡವಳು ಎಂಬತ್ತು ದಾಟಿದವರ ಪಂಕ್ತಿಯಲ್ಲಿ ಕೂತು ತಿಂದು ಬಂದಿದ್ದೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನಕ್ಕರೆ, ತಂತಿಯ ಸಂದುಸಂದಿನಲ್ಲೂ ಎಳ್ಳು ಕೂತಿತ್ತು.